ಕಾರು ವಿಮೆ ನಮ್ಮ ಡ್ರೈವಿಂಗ್ ಬದಲಿಸುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ರೆನ್ಯೂವಲ್ ತಿಂಗಳು ಬಂತೆಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: ಈ ಸಲ ಎಷ್ಟಾಯ್ತು, ಎಲ್ಲಿ ಕಮ್ಮಿ ಸಿಗುತ್ತೆ? ಈ ಪುಟದಲ್ಲಿ ದರದ ಚೌಕಾಸಿ ಇಲ್ಲ. ನಾವು ಕಟ್ಟುವ ದುಡ್ಡಿಗೂ ನಾವು ಗಾಡಿ ಓಡಿಸುವ ರೀತಿಗೂ ಏನಾದರೂ ಸಂಬಂಧ ಇದೆಯೇ, ಇರಬೇಕೇ ಎಂಬ ಪ್ರಶ್ನೆಗಳಿವೆ.

ವಿಮೆ ಇದೆ ಎಂಬ ಧೈರ್ಯಕ್ಕೆ ಜನ ಅಡ್ಡಾದಿಡ್ಡಿ ಓಡಿಸುತ್ತಾರಾ?

ಹಳೆಯ ಅನುಮಾನ ಇದು. ನಷ್ಟ ಬೇರೆಯವರ ತಲೆಗೆ ಹೋಗುವುದಾದರೆ ಮನುಷ್ಯನ ಎಚ್ಚರ ಸಡಿಲವಾಗುತ್ತದೆ ಎಂಬ ವಾದಕ್ಕೆ ಅರ್ಥಶಾಸ್ತ್ರಜ್ಞರು ಮಾರಲ್ ಹಜಾರ್ಡ್ ಎಂದು ಹೆಸರಿಟ್ಟಿದ್ದಾರೆ. ಕೇಳಿದರೆ ಸರಿ ಅನ್ನಿಸುತ್ತದೆ, ಸಾಬೀತು ಮಾಡುವುದು ಮಾತ್ರ ಕಷ್ಟ. ಅಮೆರಿಕದ ರಾಜ್ಯಗಳ 1970ರಿಂದ 1998ರವರೆಗಿನ ಅಂಕಿಅಂಶ ಇಟ್ಟುಕೊಂಡು ಆಲ್ಮಾ ಕೊಹೆನ್ ಮತ್ತು ರಾಜೀವ್ ದೇಹೇಜಿಯಾ 2004ರಲ್ಲಿ ಪ್ರಕಟಿಸಿದ ಅಧ್ಯಯನ, ವಿಮೆ ಕಡ್ಡಾಯವಾದ ಮೇಲೆ ವಿಮೆಯಿಲ್ಲದವರ ಸಂಖ್ಯೆ ಇಳಿದ ಕಡೆ ರಸ್ತೆ ಸಾವುಗಳು ಏರಿದವು ಎಂದಿತು. ಅದಕ್ಕೆ ಒಂದು ವರ್ಷ ಮುಂಚೆ ಫ್ರಾನ್ಸಿನ ಪಾಲಿಸಿದಾರರ ದಾಖಲೆ ಜಾಲಾಡಿದ ಶಿಯಾಪೊರಿ ಮತ್ತು ಸಂಗಡಿಗರಿಗೆ ಅಂಥ ಸುಳಿವು ಸಿಕ್ಕಿರಲಿಲ್ಲ.

ಎರಡೂ ಸರಿಯಿರಬಹುದು. ಫ್ರಾನ್ಸಿನಲ್ಲಿ ಅಪಘಾತ ಮಾಡಿದವನ ಪ್ರೀಮಿಯಂ ಕಾನೂನಿನ ಪ್ರಕಾರವೇ ಏರುತ್ತದೆ. ಹಾಗಾಗಿ ವಿಮೆ ಇದ್ದರೂ ಜೇಬಿಗೆ ಬಿಸಿ ತಟ್ಟುತ್ತಲೇ ಇರುತ್ತದೆ. ಅಂದರೆ ವಿಮೆ ಇದೆಯೋ ಇಲ್ಲವೋ ಎಂಬುದಕ್ಕಿಂತ ಆ ವಿಮೆಯ ದರ ಯಾರನ್ನು ನೋಡಿ ನಿಗದಿಯಾಗುತ್ತದೆ ಎಂಬುದೇ ಮುಖ್ಯ. ನನ್ನ ಮಟ್ಟಿಗೆ ಈ ಇಡೀ ವಿಷಯದ ಗಂಟು ಇರುವುದು ಇಲ್ಲೇ.

ಹಾಗಾದರೆ ನಮ್ಮಲ್ಲಿ ದರ ಯಾರನ್ನು ನೋಡಿ ನಿಗದಿಯಾಗುತ್ತದೆ?

ಕಾರನ್ನು ನೋಡಿ. ಓಡಿಸುವವರ ಕಡೆ ವಿಮೆ ಹೆಚ್ಚುಕಮ್ಮಿ ಕಣ್ಣೆತ್ತಿಯೂ ನೋಡುವುದಿಲ್ಲ.

ನಿಮ್ಮ ಪಾಲಿಸಿ ಬಿಚ್ಚಿ ನೋಡಿ, ಎರಡು ಭಾಗ ಇರುತ್ತವೆ. ಮೊದಲನೆಯದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ. 1988ರ ಮೋಟಾರು ವಾಹನ ಕಾಯ್ದೆಯ 146ನೇ ಸೆಕ್ಷನ್ ಪ್ರಕಾರ ಇದು ಕಡ್ಡಾಯ, ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಲ್ಲಿ 1000 ಸಿಸಿವರೆಗಿನ ಖಾಸಗಿ ಕಾರಿಗೆ ₹2,094, 1500 ಸಿಸಿವರೆಗೆ ₹3,416, ಅದಕ್ಕೂ ಮೇಲೆ ₹7,897. ಇಪ್ಪತ್ತು ವರ್ಷದಿಂದ ಒಂದು ಗೀರೂ ಬೀಳದಂತೆ ಓಡಿಸಿದ ಮೇಷ್ಟ್ರಿಗೂ, ಹೋದ ವರ್ಷ ಇಬ್ಬರ ಕಾಲು ಮುರಿದವನಿಗೂ ಅದೇ ₹3,416.

ಎರಡನೆಯದು ಓನ್ ಡ್ಯಾಮೇಜ್, ನಿಮ್ಮ ಕಾರಿಗೇ ಆದ ಹಾನಿಗೆ. 2007ರಿಂದ ಇದರ ದರವನ್ನು ಕಂಪನಿಗಳು ತಾವೇ ನಿಗದಿ ಮಾಡಬಹುದು. ಇಲ್ಲೂ ಮುಖ್ಯವಾಗಿ ನೋಡುವುದು ಕಾರಿನ ಬೆಲೆ ಅಂದರೆ ಐಡಿವಿ, ಇಂಜಿನ್ ಸಿಸಿ, ಕಾರಿನ ವಯಸ್ಸು, ರಿಜಿಸ್ಟ್ರೇಷನ್ ಆದ ಊರು. ಬೆಂಗಳೂರಿನ ಗಾಡಿ 'ಎ' ವಲಯ, ಮೈಸೂರು, ಹುಬ್ಬಳ್ಳಿ, ಮಂಗಳೂರಿನವು 'ಬಿ'. ಸ್ಟೇರಿಂಗ್ ಹಿಡಿಯುವವರಿಗೆ ಹದಿನೆಂಟೋ ಎಂಬತ್ತೋ ಯಾರೂ ಕೇಳುವುದಿಲ್ಲ. ಲೈಸೆನ್ಸ್ ಇದ್ದು, ಮಾಲೀಕರ ಒಪ್ಪಿಗೆ ಇದ್ದರೆ ಯಾರು ಓಡಿಸಿದರೂ ನಡೆಯುತ್ತದೆ.

ನೋ ಕ್ಲೇಮ್ ಬೋನಸ್ ಇದೆಯಲ್ಲ? ಅದು ಒಳ್ಳೆಯ ಡ್ರೈವಿಂಗಿಗೆ ಬಹುಮಾನ ತಾನೇ?

ಹೆಸರಲ್ಲೇ ಉತ್ತರ ಇದೆ. ಕ್ಲೇಮ್ ಮಾಡದ್ದಕ್ಕೆ ಬಹುಮಾನ ಅದು. ಅಪಘಾತ ಮಾಡದಿರುವುದೂ ಅಪಘಾತ ಮಾಡಿ ಸುಮ್ಮನಿರುವುದೂ ಎನ್‌ಸಿಬಿಯ ಕಣ್ಣಿಗೆ ಒಂದೇ.

ಆದರೂ ನಮ್ಮ ವ್ಯವಸ್ಥೆಯಲ್ಲಿ ನಡವಳಿಕೆಗೆ ತಗುಲಿಕೊಂಡ ದೊಡ್ಡ ಎಳೆ ಇದೇ ಆದ್ದರಿಂದ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಕ್ಲೇಮ್ ಇಲ್ಲದ ಮೊದಲ ವರ್ಷಕ್ಕೆ ಶೇ 20 ರಿಯಾಯಿತಿ, ಆಮೇಲೆ ಶೇ 25, 35, 45, ಐದನೇ ವರ್ಷಕ್ಕೆ ಶೇ 50. ಇದೆಲ್ಲ ಓನ್ ಡ್ಯಾಮೇಜ್ ಭಾಗಕ್ಕೆ ಮಾತ್ರ. ರಿಯಾಯಿತಿಗೆ ಮುಂಚಿನ ಪ್ರೀಮಿಯಂ ₹12,000 ಇದ್ದು, ನೀವು ಶೇ 50ರಲ್ಲಿದ್ದೀರಿ ಅನ್ನೋಣ. ಕಟ್ಟುತ್ತಿರುವುದು ₹6,000. ಒಂದು ಕ್ಲೇಮ್ ಹಾಕಿದಿರೋ, ಮುಂದಿನ ವರ್ಷ ಪೂರ್ತಿ ₹12,000. ಅದರಾಚೆಗೆ ₹9,600, ₹9,000, ₹7,800, ₹6,600, ಆಮೇಲೆ ಮತ್ತೆ ₹6,000. ಐದು ವರ್ಷದಲ್ಲಿ ಹೆಚ್ಚಿಗೆ ಕಟ್ಟಿದ್ದು ₹15,000. ಕಾರು ಹಳತಾಗಿ ಐಡಿವಿ ಇಳಿದಂತೆ ಈ ಮೊತ್ತ ಒಂದಿಷ್ಟು ಕಡಿಮೆಯಾಗುತ್ತದೆ, ನಿಜ. ಆದರೂ ₹8,000ದ ಬಂಪರ್ ಕೆಲಸಕ್ಕೆ ಕ್ಲೇಮ್ ಹಾಕಿದವರು ಕೈಯಾರೆ ನಷ್ಟ ಮಾಡಿಕೊಂಡಂತೆ.

ಅಂದರೆ ಸಣ್ಣಪುಟ್ಟದಕ್ಕೆ ಕ್ಲೇಮ್ ಮಾಡಲೇಬಾರದಾ?

ಮೇಲಿನ ಲೆಕ್ಕವನ್ನು ನಿಮ್ಮ ಅಂಕಿ ಹಾಕಿ ನೋಡಿ ತೀರ್ಮಾನಿಸಿ. ಎನ್‌ಸಿಬಿ ಶೇ 20ರಲ್ಲಿರುವವರಿಗೂ ಶೇ 50ರಲ್ಲಿರುವವರಿಗೂ ಉತ್ತರ ಬೇರೆ. ಇದರ ಮೇಲೆ ಕಡ್ಡಾಯ ಕಡಿತವೂ ಇದೆ: 1500 ಸಿಸಿವರೆಗೆ ₹1,000, ಅದಕ್ಕೂ ಮೇಲೆ ₹2,000 ಪ್ರತಿ ಕ್ಲೇಮಿಗೂ ನಿಮ್ಮ ಜೇಬಿನಿಂದಲೇ.

ನಿಜವಾದ ತಮಾಷೆ ನೋಡಬೇಕೆಂದರೆ ಯಾವುದಾದರೂ ಸರ್ವಿಸ್ ಸೆಂಟರಿಗೆ ಹೋಗಿ. ಅಡ್ವೈಸರ್ ಕಾರಿನ ಸುತ್ತ ಒಂದು ಸುತ್ತು ಹಾಕುತ್ತಾನೆ, ಹಿಂದಿನ ಬಾಗಿಲ ಮೇಲಿನ ಗೀರನ್ನು ಬೆರಳಲ್ಲಿ ಸವರುತ್ತಾನೆ. "ಸಾರ್, ಇದೊಂದಕ್ಕೇ ಕ್ಲೇಮ್ ಹಾಕ್ಬೇಡಿ. ಇನ್ನೊಂದೆರಡು ಆಗ್ಲಿ, ಪಾಲಿಸಿ ಮುಗಿಯೋ ಮುಂಚೆ ಒಟ್ಟಿಗೆ ಹಾಕೋಣ." ನಿಯಮದ ಪ್ರಕಾರ ಬೇರೆ ಬೇರೆ ದಿನದ ಹಾನಿ ಬೇರೆ ಬೇರೆ ಕ್ಲೇಮ್. ಸರ್ವೇಯರ್ ಬಂದಾಗ ಗೀರಿನೊಳಗೆ ಕೂತ ಧೂಳು, ಅಂಚಿನಲ್ಲಿ ಎದ್ದ ತುಕ್ಕು ನೋಡಿ ಯಾವುದು ಹಳೆಯದು ಎಂದು ಅಂದಾಜು ಮಾಡುತ್ತಾನೆ. ಆಗ ಶುರುವಾಗುತ್ತದೆ ಕಥೆ ಕಟ್ಟುವ ಕೆಲಸ: "ಗೇಟಿಗೆ ತಾಗಿತು, ರಿವರ್ಸ್ ತೆಗೆದಾಗ ಕಂಬಕ್ಕೂ ತಾಗಿತು." ಒಂದೇ ಸಲಕ್ಕೆ ಬಾನೆಟ್ಟಿಗೂ ಡಿಕ್ಕಿಗೂ ಹೇಗೆ ತಾಗಿತೆಂದು ಕೇಳಿದರೆ ಎಲ್ಲರೂ ಬೇರೆ ಕಡೆ ನೋಡುತ್ತಾರೆ. ಸುಳ್ಳು ಹೇಳಿಕೆ ಕೊಟ್ಟರೆ ಕ್ಲೇಮ್ ಪೂರ್ತಿ ತಿರಸ್ಕಾರವಾಗಬಹುದು ಎಂಬುದು ನೆನಪಿರಲಿ. ನಮ್ಮ ವಿಮೆ ರೂಪಿಸಿರುವ ನಡವಳಿಕೆ ಬಹುಪಾಲು ಇಂಥದ್ದು. ರಸ್ತೆಯಲ್ಲಿ ಕಾಣುವುದಿಲ್ಲ, ಗ್ಯಾರೇಜಿನಲ್ಲಿ ಕಾಣುತ್ತದೆ.

ತಪ್ಪು ಎದುರಿನವನದು. ನನ್ನ ಎನ್‌ಸಿಬಿ ಯಾಕೆ ಹೋಯಿತು?

ನೀವು ನಿಮ್ಮದೇ ಪಾಲಿಸಿಯ ಓನ್ ಡ್ಯಾಮೇಜ್ ಭಾಗದಿಂದ ದುಡ್ಡು ಪಡೆದಿರಿ, ಅದಕ್ಕೆ. ಯಾರ ತಪ್ಪು ಎಂಬುದನ್ನು ಎನ್‌ಸಿಬಿ ಕೇಳುವುದಿಲ್ಲ. ನಿಲ್ಲಿಸಿದ್ದ ಕಾರಿಗೆ ಯಾರೋ ಗುದ್ದಿ ಹೋದರೂ ಬೋನಸ್ ಹೋಗುತ್ತದೆ. ಎದುರಿನವನ ಥರ್ಡ್ ಪಾರ್ಟಿ ವಿಮೆಯಿಂದ ವಸೂಲು ಮಾಡುವ ದಾರಿ ಇದೆ, ಆದರೆ ಅದು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮೂಲಕ ಹೋಗುವ ದಾರಿ. ಒಂದು ಹೆಡ್‌ಲೈಟಿಗಾಗಿ ಯಾರು ವಕೀಲರನ್ನು ಹಿಡಿಯುತ್ತಾರೆ?

ಹಾಗಾಗಿಯೇ ಸಿಲ್ಕ್ ಬೋರ್ಡಿನಲ್ಲಿ ಎರಡು ಕಾರು ತಾಗಿದರೆ ಇಬ್ಬರೂ ಇಳಿದು, ಹಿಂದಿನವರ ಹಾರ್ನ್ ನಡುವೆಯೇ ಜೋರುಮಾಡಿ, ಎರಡೋ ಮೂರೋ ಸಾವಿರ ಫೋನ್‌ಪೇ ಮಾಡಿಸಿಕೊಂಡು ಹೋಗುವುದು. ಜೋರು ಬಾಯಿಯವನಿಗೆ ಲಾಭ. ಆ ಘಟನೆ ಯಾವ ದಾಖಲೆಗೂ ಹೋಗುವುದಿಲ್ಲ. ಅದೇ ಚಾಲಕ ವರ್ಷಕ್ಕೆ ನಾಲ್ಕು ಸಲ ಹೀಗೆ ಮಾಡಿದರೂ ವಿಮಾ ಕಂಪನಿಗೆ ಅವನು ಶೇ 50ರ ಸಾಧು.

ಮನೆಯಲ್ಲಿ ಓಡಿಸುವುದು ಮಗ ಅಥವಾ ಸಂಬಳದ ಡ್ರೈವರ್. ಎನ್‌ಸಿಬಿ ಯಾರದು?

ಮಾಲೀಕರದು. ಕಾರು ಮಾರಿ ಹೊಸದು ತಗೊಂಡರೂ ಬೋನಸ್ ಮಾಲೀಕರ ಜೊತೆ ಬರುತ್ತದೆ, ಕೊಂಡವರಿಗೆ ಹೋಗುವುದಿಲ್ಲ. ಚಾಲಕನ ಜೊತೆಯಂತೂ ಇಲ್ಲವೇ ಇಲ್ಲ. ಟ್ಯಾಕ್ಸಿ, ಲಾರಿಗಳಲ್ಲಿ ಈ ಅಂತರ ಇನ್ನೂ ದೊಡ್ಡದು: ದಿನಕ್ಕೆ ಹದಿನಾಲ್ಕು ಗಂಟೆ ಓಡಿಸುವವನು ಒಬ್ಬ, ಪ್ರೀಮಿಯಂ ಕಟ್ಟುವವನು ಇನ್ನೊಬ್ಬ.

ಮಗನಿಗೆ ಹದಿನೆಂಟು ತುಂಬಿಲ್ಲವಾದರೆ ವಿಷಯವೇ ಬೇರೆ. 2019ರ ತಿದ್ದುಪಡಿಯ ನಂತರ ಪೋಷಕರಿಗೆ ಅಥವಾ ಮಾಲೀಕರಿಗೆ ₹25,000 ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ರಿಜಿಸ್ಟ್ರೇಷನ್ ಒಂದು ವರ್ಷ ರದ್ದು. "ಲೇಔಟ್ ಒಳಗೆ ಮಾತ್ರ ಓಡಿಸ್ತಾನೆ" ಎಂಬ ಸಮಾಧಾನ ಕೋರ್ಟಿನಲ್ಲಿ ನಡೆಯುವುದಿಲ್ಲ.

ಜೀರೊ ಡೆಪ್ ತಗೊಂಡರೆ ಅಸಡ್ಡೆ ಹೆಚ್ಚುತ್ತಾ?

ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆಯಷ್ಟೇ ಸಿಗುತ್ತದೆ, ಉಳಿದರ್ಧ ನಿಮ್ಮದು. ಬಂಪರ್ ಟು ಬಂಪರ್ ಎಂದು ಕರೆಯುವ ಜೀರೊ ಡೆಪ್ ಇದ್ದರೆ ಆ ಅರ್ಧವೂ ಕಂಪನಿಯದು. ಇದರಿಂದ ಯಾರಾದರೂ ವೇಗ ಹೆಚ್ಚಿಸುತ್ತಾರೆ ಎಂದು ನನಗೆ ಅನ್ನಿಸುವುದಿಲ್ಲ. ತನ್ನ ತಲೆಯೂ ಅದೇ ಕಾರಿನೊಳಗೆ ಇರುತ್ತದಲ್ಲ! ಕ್ಲೇಮ್ ಹಾಕುವ ಕೈ ಮಾತ್ರ ಸಲೀಸಾಗುತ್ತದೆ. ಅನೇಕ ಕಂಪನಿಗಳು ವರ್ಷಕ್ಕೆ ಇಷ್ಟೇ ಜೀರೊ ಡೆಪ್ ಕ್ಲೇಮ್ ಎಂದು ಮಿತಿ ಹಾಕಿರುವುದು ಅದಕ್ಕೇ.

ಮಳೆ ನೀರಿನಲ್ಲಿ ಕಾರು ನಿಂತುಹೋದರೆ?

ಮತ್ತೆ ಸ್ಟಾರ್ಟ್ ಮಾಡಬೇಡಿ. ವಿಮೆಯ ಷರತ್ತು ನೇರವಾಗಿ ಡ್ರೈವರ್ ಕೈಗೆ ಬುದ್ಧಿ ಹೇಳುವ ಅಪರೂಪದ ಜಾಗ ಇದು. 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ ಕೆರೆಯಾದಾಗ ಎಷ್ಟೋ ಜನ ಕಲಿತದ್ದೂ ಇದನ್ನೇ. ನೀರು ಹೊಕ್ಕ ಇಂಜಿನ್‌ನಲ್ಲಿ ಕೀ ತಿರುಗಿಸಿದರೆ ಪಿಸ್ಟನ್ ನೀರನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ರವಾಹದ ಹಾನಿಗೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುತ್ತದೆ, ಸ್ಟಾರ್ಟ್ ಮಾಡಲು ಹೋಗಿ ಆದ ಹಾನಿಯನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೆಚ್ಚಿಗೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಇಂಜಿನ್ ಪ್ರೊಟೆಕ್ಟ್ ಆ್ಯಡ್‌-ಆನ್ ಇದ್ದರೂ ಷರತ್ತು ಓದಿ. ಗಾಡಿ ತಳ್ಳಿಸಿ, ಟೋ ಮಾಡಿಸಿ, ಫೋಟೊ ತೆಗೆದಿಡಿ.

ಕುಡಿದು ಓಡಿಸಿ ಅಪಘಾತ ಮಾಡಿದರೆ ವಿಮೆ ಸಿಗುವುದಿಲ್ಲ ಅಂತಾರಲ್ಲ, ಅದೇ ದೊಡ್ಡ ಭಯ ಅಲ್ಲವೇ?

ಅರ್ಧ ಸತ್ಯ. ರಕ್ತದ 100 ಮಿಲಿಲೀಟರಿನಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಕೊಹಾಲ್ ಇದ್ದರೆ ಅದು ಅಪರಾಧ, ಮೊದಲ ಸಲಕ್ಕೇ ದಂಡ ₹10,000. ನಿಮ್ಮ ಕಾರಿನ ರಿಪೇರಿಗೆ ಕಂಪನಿ ಕೈಯೆತ್ತಬಹುದು.

ಆದರೆ ನೀವು ಗುದ್ದಿದ ಮನುಷ್ಯನಿಗೆ ಪರಿಹಾರ ನಿಲ್ಲಬಾರದು ಎಂಬುದು ನಮ್ಮ ಕಾನೂನಿನ ಒಲವು. ಲೈಸೆನ್ಸ್ ದೋಷದ ಬಗ್ಗೆ 2004ರ ಸ್ವರಣ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಗೊಳಿಸಿದ ಸೂತ್ರ ಇದು: ಕಂಪನಿ ಮೊದಲು ಸಂತ್ರಸ್ತರಿಗೆ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ. ಕುಡಿದ ಪ್ರಕರಣಗಳಲ್ಲೂ ನ್ಯಾಯಾಲಯಗಳು ಇದೇ ದಾರಿ ಹಿಡಿದದ್ದುಂಟು. ಗಾಯಗೊಂಡವರ ಮಟ್ಟಿಗೆ ಇದು ನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಡ್ರೈವರ್ ಮೇಲೆ ಮಾತ್ರ ಇದರ ಭಯ ಅಷ್ಟಾಗಿ ಬೀಳುವುದಿಲ್ಲ, ವಸೂಲಿ ನೋಟಿಸ್ ಬರುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ. ಶುಕ್ರವಾರ ರಾತ್ರಿ ಹನ್ನೊಂದಕ್ಕೆ ಪಬ್ಬಿನಿಂದ ಹೊರಬಂದವನು ಹೆದರುವುದು ಮುಂದಿನ ತಿರುವಿನಲ್ಲಿ ಆಲ್ಕೊಮೀಟರ್ ಹಿಡಿದು ನಿಂತ ಪೊಲೀಸರಿಗೆ.

ತನ್ನದೇ ತಪ್ಪಿನಿಂದ ಚಾಲಕ ಸತ್ತರೆ ಮನೆಯವರಿಗೆ ಪರಿಹಾರ ಬರುತ್ತದೆಯೇ?

ಥರ್ಡ್ ಪಾರ್ಟಿ ಭಾಗದಿಂದ ಇಲ್ಲ. 2014ರಲ್ಲಿ ಅರಸೀಕೆರೆ ಹತ್ತಿರ ಅತಿವೇಗದಲ್ಲಿ ಕಾರು ಪಲ್ಟಿಯಾಗಿ ಚಾಲಕ ಮೃತಪಟ್ಟ ಪ್ರಕರಣ ಇದಕ್ಕೆ ಉದಾಹರಣೆ. ಕುಟುಂಬ ₹80 ಲಕ್ಷ ಕೇಳಿತ್ತು. ನ್ಯಾಯಮಂಡಳಿ ಒಪ್ಪಲಿಲ್ಲ, ಕರ್ನಾಟಕ ಹೈಕೋರ್ಟ್ ಒಪ್ಪಲಿಲ್ಲ, 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲು ನಿರಾಕರಿಸಿತು. ತಪ್ಪು ಮಾಡಿದವನೇ ಸತ್ತಾಗ ಅವನ ವಾರಸುದಾರರು ಅದೇ ತಪ್ಪಿಗೆ ಪರಿಹಾರ ಕೇಳಲಾಗದು ಎಂಬುದು ತರ್ಕ. ಇಂಥ ಸಂದರ್ಭಕ್ಕೆ ಇರುವುದು ₹15 ಲಕ್ಷದ ವೈಯಕ್ತಿಕ ಅಪಘಾತ ವಿಮೆ. ಅದು ಲೈಸೆನ್ಸ್ ಇರುವ ಮಾಲೀಕ-ಚಾಲಕರಿಗೆ. ಗೆಳೆಯನ ಕಾರು ಓಡಿಸುವವರಿಗೆ ಆ ರಕ್ಷಣೆ ತಾನಾಗಿ ಬರುವುದಿಲ್ಲ. ಈ ಸಾಲನ್ನು ಮನೆಮಂದಿಗೆಲ್ಲ ಓದಿ ಹೇಳಿ.

ನನ್ನ ಹೆಸರಿನಲ್ಲಿ ಟ್ರಾಫಿಕ್ ಫೈನ್ ಬಾಕಿ ಇದೆ. ಪ್ರೀಮಿಯಂ ಏರುತ್ತದೆಯೇ?

ದೇಶಾದ್ಯಂತ ಅಂಥ ಕಡ್ಡಾಯ ನಿಯಮ ಇಲ್ಲ. ವಿಚಾರ ಬಂದಿತ್ತು: ವಿಮಾ ನಿಯಂತ್ರಣ ಪ್ರಾಧಿಕಾರದ ಕಾರ್ಯತಂಡವೊಂದು 2021ರ ಜನವರಿಯಲ್ಲಿ, ಸಂಚಾರ ಉಲ್ಲಂಘನೆಗೆ ಅಂಕ ಕೊಟ್ಟು ಅದರ ಮೇಲೆ ಪ್ರತ್ಯೇಕ ಪ್ರೀಮಿಯಂ ವಿಧಿಸಬಹುದು, ದೆಹಲಿಯಲ್ಲಿ ಮೊದಲು ಪ್ರಯೋಗ ಮಾಡಬಹುದು ಎಂದಿತು. ಕುಡಿದು ಓಡಿಸಿದ್ದಕ್ಕೆ 100 ಅಂಕ, ತಪ್ಪು ಪಾರ್ಕಿಂಗಿಗೆ 10.

ಇತ್ತ ನಾವು ಮಾಡಿದ್ದು ಬೇರೆಯೇ. ಬಾಕಿ ದಂಡಕ್ಕೆ 2023ರ ಫೆಬ್ರುವರಿಯಲ್ಲಿ ಕರ್ನಾಟಕ ಶೇ 50 ರಿಯಾಯಿತಿ ಘೋಷಿಸಿತು. ಬೆಂಗಳೂರಿನಲ್ಲಿ ಜನ ಸಾಲುಗಟ್ಟಿ ನಿಂತರು, ಕೆಲವೇ ದಿನದಲ್ಲಿ ₹100 ಕೋಟಿಗೂ ಮೀರಿ ಸಂಗ್ರಹವಾಯಿತು. ಖಜಾನೆಗೆ ಒಳ್ಳೆಯದೇ. ಆಮೇಲೆ ರಿಯಾಯಿತಿ ಮತ್ತೆ ಮತ್ತೆ ಬಂತು. ಈಗ ಫೈನ್ ಬಿದ್ದವರಲ್ಲಿ ಬಹಳ ಜನ ಮುಂದಿನ ಆಫರಿಗೆ ಕಾಯುತ್ತಾರೆ. ಜನರದ್ದು ಸರಿಯಾದ ಲೆಕ್ಕವೇ, ಅದೇ ಇಲ್ಲಿನ ಸಮಸ್ಯೆ.

ಬೇರೆ ದೇಶಗಳಲ್ಲಿ ಡ್ರೈವರನ್ನು ನೋಡಿ ದರ ಹಾಕಿದಾಗ ಏನಾಯಿತು?

ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು ನನಗೆ ಅತ್ಯಂತ ಉಪಯುಕ್ತ ಅನ್ನಿಸುವ ಉದಾಹರಣೆ. 1978ರಿಂದ ಅಲ್ಲಿ ದೈಹಿಕ ಗಾಯಗಳ ವಿಮೆ ಸರ್ಕಾರಿ ಸಂಸ್ಥೆಯದು, ಯಾರ ತಪ್ಪು ಎಂದು ನೋಡದೆ ಪರಿಹಾರ. ಅಸಡ್ಡೆಗೆ ಹೇಳಿಮಾಡಿಸಿದ ವ್ಯವಸ್ಥೆ ಎಂದು ಟೀಕಾಕಾರರು ಅನ್ನಬಹುದು. 1992ರ ಡಿಸೆಂಬರಿನಲ್ಲಿ ಚಾಲಕರ ದಂಡದ ಅಂಕಗಳಿಗೆ ಪ್ರೀಮಿಯಂ ಅನ್ನು ಜೋಡಿಸಿದರು. ಜಾರ್ಜ್ ದಿಯಾನ್ ಮತ್ತು ಸಂಗಡಿಗರ ಅಧ್ಯಯನದ ಪ್ರಕಾರ ಸಂಚಾರ ಉಲ್ಲಂಘನೆಗಳು ಸುಮಾರು ಶೇ 15ರಷ್ಟು ಇಳಿದವು. ಪರಿಹಾರವನ್ನು ಉದಾರವಾಗಿಯೇ ಉಳಿಸಿಕೊಂಡು ದರವನ್ನು ಮಾತ್ರ ನಡತೆಗೆ ಕಟ್ಟಬಹುದು ಎಂದಾಯಿತು.

ಫ್ರಾನ್ಸಿನಲ್ಲಿ ಎಲ್ಲರ ಪ್ರೀಮಿಯಂ 1 ಎಂಬ ಗುಣಾಂಕದಿಂದ ಶುರು. ಅಪಘಾತವಿಲ್ಲದ ಪ್ರತಿ ವರ್ಷ ಶೇ 5 ಇಳಿಯುತ್ತದೆ, ಅರ್ಧಕ್ಕೆ ಬರಲು 13 ವರ್ಷ ಬೇಕು. ತನ್ನ ತಪ್ಪಿನ ಒಂದೊಂದು ಅಪಘಾತಕ್ಕೂ ಶೇ 25 ಏರಿಕೆ, ಮೂರೂವರೆ ಪಟ್ಟಿನವರೆಗೆ. ನಮ್ಮ ಎನ್‌ಸಿಬಿಯಲ್ಲಿ ಬೋನಸ್ ಹೋಗುವುದೊಂದೇ ಶಿಕ್ಷೆ, ಅದರಾಚೆ ಏರುವ ಮೆಟ್ಟಿಲೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. 1988ರಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 103ರ ಪ್ರಕಾರ ಅಲ್ಲಿ ದರಕ್ಕೆ ಮೊದಲ ಮೂರು ಆಧಾರಗಳು ಚಾಲಕರ ದಾಖಲೆ, ವರ್ಷಕ್ಕೆ ಓಡಿಸುವ ಮೈಲಿ, ಅನುಭವದ ವರ್ಷಗಳು. ಸ್ಯಾನ್ ಹೋಸೆಯಲ್ಲಿ ಸ್ಟಾಪ್ ಬೋರ್ಡಿಗೆ ಗಾಡಿ ಪೂರ್ತಿ ನಿಲ್ಲಿಸುವ ಅದೇ ಮನುಷ್ಯ ರಜೆಗೆ ಬಂದಾಗ ಜಯನಗರದಲ್ಲಿ ಒನ್‌ವೇಗೆ ನುಗ್ಗುವುದನ್ನು ನೋಡಿದವರು ಸಂಸ್ಕಾರದ ಬಗ್ಗೆ ಭಾಷಣ ಮಾಡುವುದಿಲ್ಲ.

ಭಾರತದಲ್ಲಿ ಅಂಥದ್ದು ಏನೂ ಬಂದಿಲ್ಲವೇ?

2022ರ ಜುಲೈನಲ್ಲಿ ಬಾಗಿಲು ತೆರೆಯಿತು. ಓಡಿಸಿದಷ್ಟು ದೂರಕ್ಕೆ ತಕ್ಕಂತೆ, ಓಡಿಸುವ ರೀತಿಗೆ ತಕ್ಕಂತೆ ಓನ್ ಡ್ಯಾಮೇಜ್ ದರ ಹಾಕುವ ಆ್ಯಡ್‌-ಆನ್‌ಗಳಿಗೆ ವಿಮಾ ನಿಯಂತ್ರಣ ಪ್ರಾಧಿಕಾರ ಅನುಮತಿ ಕೊಟ್ಟಿತು. ಕಿಲೋಮೀಟರ್ ಲೆಕ್ಕದ್ದು ಸರಳ: ಮೆಟ್ರೊದಲ್ಲಿ ಆಫೀಸಿಗೆ ಹೋಗಿ ಭಾನುವಾರ ಮಾತ್ರ ಕಾರು ತೆಗೆಯುವವರಿಗೆ ಲಾಭ. ರೀತಿ ಅಳೆಯುವುದಕ್ಕೆ ಮೊಬೈಲ್ ಆ್ಯಪ್ ಅಥವಾ ಕಾರಿಗೆ ಹಾಕುವ ಸಾಧನ ಬೇಕು. ಅದು ಹಠಾತ್ ಬ್ರೇಕ್, ಹಠಾತ್ ವೇಗ, ರಾತ್ರಿ ಓಡಾಟ ಇವನ್ನೆಲ್ಲ ಬರೆದಿಡುತ್ತದೆ.

ನನಗೆ ಎರಡು ತಕರಾರಿವೆ. ಮುಂದೆ ಹಠಾತ್ತನೆ ಹಸು ಬಂದಾಗ ಬ್ರೇಕ್ ಒತ್ತಿದವನು ಒಳ್ಳೆಯ ಡ್ರೈವರ್, ಆ್ಯಪ್ ಅವನ ಅಂಕ ಕಳೆಯುತ್ತದೆ. ಇನ್ನೊಂದು, ಇದು ಐಚ್ಛಿಕ. ತನ್ನ ಓಟವನ್ನು ಅಳೆಯಲು ಒಪ್ಪಿಕೊಳ್ಳುವವರು ಮೊದಲೇ ನಿಧಾನಿಗಳು. ನಾವು ಹೆದರಬೇಕಾದವರು ಆ ಆ್ಯಪ್ ಹಾಕಿಕೊಳ್ಳುವುದೇ ಇಲ್ಲ.

ವಿಮೆಯೇ ಇಲ್ಲದೆ ಓಡುವ ಗಾಡಿಗಳ ಕಥೆ?

ದೇಶದ ರಸ್ತೆಯಲ್ಲಿರುವ ವಾಹನಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವಕ್ಕೆ ಚಾಲ್ತಿ ವಿಮೆ ಇಲ್ಲ ಎಂಬುದು ಸಂಸತ್ತಿನಲ್ಲೇ ಚರ್ಚೆಯಾದ ವಿಷಯ, ಬಹುಪಾಲು ದ್ವಿಚಕ್ರಗಳು. ಸಿಕ್ಕಿಬಿದ್ದರೆ ಮೊದಲ ಸಲ ದಂಡ ₹2,000, ಜೈಲಿಗೂ ಅವಕಾಶ ಇದೆ. 1200 ಸಿಸಿ ಕಾರಿನ ವಾರ್ಷಿಕ ಥರ್ಡ್ ಪಾರ್ಟಿ ಪ್ರೀಮಿಯಂ ₹3,416 ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ. ಮೊದಲ ಸಲ ಸಿಕ್ಕಿಬಿದ್ದವರಿಗೆ ದಂಡವೇ ಅಗ್ಗ! ಹೊಸ ಕಾರಿಗೆ 3 ವರ್ಷ, ಹೊಸ ಬೈಕಿಗೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೆ ಮಾಡಿಸಬೇಕೆಂದು ಸುಪ್ರೀಂ ಕೋರ್ಟ್ ಹೇಳಿ, 2018ರ ಸೆಪ್ಟೆಂಬರ್ 1ರಿಂದ ಜಾರಿಯಾದದ್ದು ಈ ತೂತು ಮುಚ್ಚಲೆಂದೇ. ಆರನೇ ವರ್ಷದ ಬೈಕು ಮತ್ತೆ ಅದೇ ತೂತಿನಲ್ಲಿ ನುಸುಳುತ್ತದೆ.

ಕೊನೆಗೂ, ಸಾವು ಕಡಿಮೆ ಮಾಡುವುದು ವಿಮೆಯೋ ಕ್ಯಾಮೆರಾವೋ?

ಈಗಿನ ಸ್ಥಿತಿಯಲ್ಲಿ ಕ್ಯಾಮೆರಾ, ಸಂದೇಹವೇ ಬೇಡ. 2022ರಲ್ಲಿ ದೇಶದಲ್ಲಿ 1,68,491 ಜನ ರಸ್ತೆಯಲ್ಲಿ ಸತ್ತರು, ಅದರಲ್ಲಿ ಶೇ 70ಕ್ಕೂ ಹೆಚ್ಚು ಸಾವಿಗೆ ದಾಖಲಾದ ಕಾರಣ ಅತಿವೇಗ. ಬೆಂಗಳೂರು–ಮೈಸೂರು ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾಗಿ ಕೆಲವೇ ತಿಂಗಳಲ್ಲಿ ಸಾವಿನ ಸುದ್ದಿಗಳಿಂದ ತುಂಬಿಹೋಯಿತು. ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥದಿಂದ ಹೊರಗಿಟ್ಟರು, ವೇಗದ ಕ್ಯಾಮೆರಾ ಹಾಕಿದರು, 100 ಕಿಲೋಮೀಟರ್ ಮಿತಿ ದಾಟಿದವರ ಫೋನಿಗೆ ಚಲನ್ ಬರತೊಡಗಿತು. ಸಾವುಗಳು ಕಣ್ಣಿಗೆ ಕಾಣುವಷ್ಟು ಇಳಿದವು. ಆ ಅವಧಿಯಲ್ಲಿ ಯಾರ ಪ್ರೀಮಿಯಂ ಪದ್ಧತಿಯೂ ಬದಲಾಗಿರಲಿಲ್ಲ.

ಆದರೆ ಕ್ಯಾಮೆರಾ ಇರುವಲ್ಲಿ ಬ್ರೇಕ್ ಒತ್ತಿ, ದಾಟಿದ ಕೂಡಲೇ 130ಕ್ಕೆ ಏರಿಸುವವರು ಬಿಡದಿಯಿಂದ ಮಂಡ್ಯದವರೆಗೆ ಬೇಕಾದಷ್ಟು ಸಿಗುತ್ತಾರೆ. ಆ ಚಲನ್‌ಗಳು ವರ್ಷದ ಕೊನೆಗೆ ರೆನ್ಯೂವಲ್ ಬಿಲ್ಲಿನಲ್ಲಿ ಕೂಡಿಕೊಂಡು ಬಂದರೆ ಲೆಕ್ಕ ಬೇರೆಯಾಗುತ್ತದೆ. ಚಲನ್ ದತ್ತಾಂಶ ಆನ್‌ಲೈನ್‌ನಲ್ಲಿದೆ, ವಿಮಾ ದತ್ತಾಂಶವೂ ಇದೆ. ಎರಡನ್ನೂ ಜೋಡಿಸುವುದಕ್ಕೆ ಬೇಕಿರುವುದು ತೀರ್ಮಾನ. ಜೋಡಿಸುವುದಾದರೆ ಚಲನ್ ಗಾಡಿ ನಂಬರಿಗಷ್ಟೇ ಅಂಟದೆ ಓಡಿಸಿದವರ ಲೈಸೆನ್ಸಿಗೂ ಅಂಟಬೇಕು. ಇಲ್ಲದಿದ್ದರೆ ಮತ್ತೆ ಕಾರಿಗೆ ಶಿಕ್ಷೆ.

ಪಾಲಿಸಿ ಮುಗಿದು ಒಂದು ತಿಂಗಳಾಯಿತು. ಎನ್‌ಸಿಬಿ ಉಳಿಯುತ್ತದೆಯೇ?

90 ದಿನದೊಳಗೆ ನವೀಕರಿಸಿದರೆ ಉಳಿಯುತ್ತದೆ. ಓನ್ ಡ್ಯಾಮೇಜ್ ಭಾಗಕ್ಕೆ ಕಂಪನಿ ಗಾಡಿಯ ತಪಾಸಣೆ ಕೇಳಬಹುದು, ಮೊಬೈಲಿನಲ್ಲಿ ವಿಡಿಯೊ ಕಳಿಸಿದರೆ ಸಾಕಾಗುವುದೂ ಉಂಟು. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯಬೇಡಿ, ಹಾಲು ತರುವಷ್ಟು ದೂರಕ್ಕೂ.